ಯಾರಿಗೆ ಅದು?

ಭಾನುವಾರ ಬೆಳಿಗ್ಗೆ ಅವ್ವ ಕೇಳಿದ ಎರಡು ಪದಗಳು ಇಡೀ ವಾರ ನನ್ನನ್ನು ಬಿಟ್ಟಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಎರಡು ದಿನದ ಹಿಂದೆ ಕೊಂಡ ಪಿಸ್ತೂಲನ್ನು ಬಿಚ್ಚಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದೆ. ಮೊಬೈಲ್ ಸಕ್ಕರೆ ಡಬ್ಬಿಗೆ ಒರಗಿತ್ತು. ವಿರಾಜಪೇಟೆಯಲ್ಲಿ ಆಗ ರಾತ್ರಿ. ಅವ್ವ ಕನ್ನಡಕ ಮೇಲಕ್ಕೇರಿಸಿ ಪರದೆಗೆ ಮುಖ ಹತ್ತಿರ ತಂದು, "ಯಾರಿಗೆ ಅದು?" ಎಂದಳು.

ಹೊಸ ಸೀರೆ ತೋರಿಸಿದರೂ ಅವಳು ಕೇಳುವುದು ಅದನ್ನೇ. ಬಾಗಿಲ ಬಳಿ ಪಾರ್ಸೆಲ್ ಕಂಡರೂ ಅದನ್ನೇ. "ನನಗೆ" ಎಂದೆ. ಅವಳು ಸುಮ್ಮನಾದಳು. ಆಮೇಲೆ ಮಗನ ಪರೀಕ್ಷೆಯ ಮಾತು, ಕಾಫಿ ಬೆಲೆಯ ಮಾತು, ಪಕ್ಕದ ಮನೆಯ ಮದುವೆಯ ಮಾತು. ಕರೆ ಮುಗಿದ ಮೇಲೆ ನಳಿಗೆಯನ್ನು ಕೈಯಲ್ಲಿ ಹಿಡಿದು ಕುಳಿತವಳಿಗೆ ಆ ಪ್ರಶ್ನೆ ಇನ್ನೊಂದು ಮಗ್ಗುಲಿಗೆ ಹೊರಳಿದಂತಾಯಿತು. ಯಾರಿಗೆ ಎಂದರೆ ಯಾರ ಬಳಕೆಗೆ ಎಂದಾಗುತ್ತದೆ. ಯಾರಿಗೆ ಹೊಡೆಯಲು ಎಂದೂ ಆಗುತ್ತದೆ. ಅವ್ವ ಯಾವುದನ್ನು ಕೇಳಿದಳೋ, ನಾನು ಯಾವುದಕ್ಕೆ ಉತ್ತರಿಸಿದೆನೋ!

ಶುಕ್ರವಾರ ಅಂಗಡಿಯಲ್ಲಿ ತುಂಬಿದ 4473 ಎಂಬ ಅಮೆರಿಕ ಸರ್ಕಾರದ ನಮೂನೆಯಲ್ಲಿಯೂ ಇದೇ ಪ್ರಶ್ನೆ ಇತ್ತು. ಈ ಆಯುಧದ ನಿಜವಾದ ಖರೀದಿದಾರರು ನೀವೇ ಏನು? ಬೇರೊಬ್ಬರ ಪರವಾಗಿ ಕೊಂಡು ಹೌದೆಂದು ಬರೆದರೆ ಅದು ಗಂಭೀರ ಅಪರಾಧ. ನಾನು ಒಂದು ಕ್ಷಣವೂ ಯೋಚಿಸದೆ ಹೌದು ಎಂದು ಬರೆದೆ. ಉದ್ಯೋಗ ವೀಸಾದಲ್ಲಿದ್ದಷ್ಟು ಕಾಲ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಮುಟ್ಟುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತಡೆ ಇಲ್ಲ. ಗುರುತಿನ ಚೀಟಿ, ನಮೂನೆ, ಕೇಂದ್ರದ ದಾಖಲೆಯಲ್ಲಿ ಹೆಸರಿನ ತಪಾಸಣೆ. ಅರ್ಧ ಗಂಟೆಯೊಳಗೆ ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ತಡೆಯಿಲ್ಲದ 21 ವರ್ಷ ದಾಟಿದವರು ಪಿಸ್ತೂಲನ್ನು ಮೈಮೇಲೆ ಧರಿಸಿ ಓಡಾಡಲು ಪರವಾನಗಿಯೂ ಬೇಕಿಲ್ಲ.

ಬೇಕು ಅನ್ನಿಸಿದ್ದು ಮೂರು ತಿಂಗಳ ಹಿಂದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ರಾತ್ರಿ ಪಾಳಿ ಮುಗಿಸಿ ಪಾರ್ಕಿಂಗ್ ಕಟ್ಟಡದ ಮೂರನೆಯ ಅಂತಸ್ತಿಗೆ ಬಂದಾಗ ಒಬ್ಬ ಗಂಡಸು ಹಿಂದಿನಿಂದ ಕೂಗುತ್ತಾ ನನ್ನತ್ತ ಓಡಿ ಬಂದ. ನಾನು ಕಾರಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡು ಹೊರಟುಬಿಟ್ಟೆ. ಅಷ್ಟೇ ನಡೆದದ್ದು. ಆದರೆ ಆಮೇಲೆ ಹತ್ತು ಹದಿನೈದು ದಿನ ನಿದ್ದೆಯಲ್ಲಿ ಆ ಹೆಜ್ಜೆ ಸದ್ದು ಕೇಳಿತು.

ಐನೂರು ಡಾಲರಿಗಿಂತ ಹೆಚ್ಚು ಖರ್ಚು ಮಾಡುವುದಿಲ್ಲ ಎಂದು ನಿರ್ಧರಿಸಿದ್ದೆ. ಅದರಲ್ಲೇ ಧರಿಸಲೂ ಆಗಬೇಕು, ತಿಂಗಳಿಗೊಮ್ಮೆ ಕ್ಲಬ್ಬಿನ ಗುರಿ ಹೊಡೆಯುವ ಸ್ಪರ್ಧೆಗೂ ಆಗಬೇಕು. ನಮ್ಮ ಪರಿಚಯದ ಒಬ್ಬರು, ಮೈಸೂರು ಕಡೆಯವರು, ಈ ವಿಷಯದಲ್ಲಿ ಬಹಳ ತಿಳಿದವರೆಂದು ಹೆಸರು. ಅವರು ಸಾವಿರ ಡಾಲರಿಗೆ ಕಡಿಮೆಯದನ್ನು ಮುಟ್ಟಲೇಬೇಡಿ, ಮೇಲೆ ಗುರಿ ತೋರಿಸುವ ಕೆಂಪು ಚುಕ್ಕೆಯ ದರ್ಶಕ ಇಲ್ಲದೆ ಈ ಕಾಲದಲ್ಲಿ ಯಾರೂ ಕೊಳ್ಳುವುದಿಲ್ಲ ಎಂದರು. ಒಳ್ಳೆಯ ಮನುಷ್ಯ, ಕರೆದರೆ ಮಧ್ಯರಾತ್ರಿಯಲ್ಲೂ ಬರುತ್ತಾರೆ. ಆದರೆ ಮುಕ್ಕಾಲು ಗಂಟೆ ಮಾತನಾಡಿದರೂ ನನ್ನ ಕೈ ಎಷ್ಟು ಚಿಕ್ಕದು ಎಂದು ಒಮ್ಮೆಯೂ ನೋಡಲಿಲ್ಲ. ಬೆಲೆಯೇ ರಕ್ಷಣೆ ಎಂದು ನಂಬುವವರ ಸಲಹೆಯಲ್ಲಿ ನನಗೆ ನಂಬಿಕೆಯಿಲ್ಲ.

ಅಂಗಡಿಯ ಹೆಂಗಸು ಮೊದಲು ನೋಡಿದ್ದೇ ನನ್ನ ಕೈಯನ್ನು. ಅರವತ್ತು ದಾಟಿದವರು, ಗೆಣ್ಣುಗಳು ಊದಿಕೊಂಡಿದ್ದವು. ಪ್ರತಿ ಪಿಸ್ತೂಲನ್ನೂ, ಸ್ಲೈಡ್ ಎಂಬ ಮೇಲಿನ ಸರಿಯುವ ಭಾಗವನ್ನು ಹಿಂದಕ್ಕೆಳೆದು, ಒಳಗೆ ಕಣ್ಣು ಹಾಯಿಸಿ, ಕಿರುಬೆರಳು ತೂರಿಸಿ ಖಾಲಿ ಎಂದು ಖಾತ್ರಿ ಮಾಡಿಕೊಂಡೇ ಕೊಡುತ್ತಿದ್ದರು. ವಾಪಸ್ ತೆಗೆದುಕೊಂಡಾಗ ಮತ್ತೆ ಅದೇ. ನನಗೆ ಅಜ್ಜ ನೆನಪಾದರು. ಅಜ್ಜನ ಜೋಡುನಳಿಗೆ ಕೋವಿ ಮನೆಯ ಇನ್ನೊಬ್ಬರ ಕೈಗೆ ದಾಟುವ ಮೊದಲು ಮಡಚಿಕೊಳ್ಳಲೇಬೇಕಿತ್ತು. ಎರಡೂ ನಳಿಗೆಗಳ ಮೂಲಕ ಬೆಳಕು ಕಂಡ ಮೇಲೆಯೇ ಕೈ ಬದಲಾವಣೆ.

ಈ ಪ್ಲಾಸ್ಟಿಕ್ ಪಿಸ್ತೂಲುಗಳ ಬಗ್ಗೆ ಮೊದಲು ನನಗೂ ಅನುಮಾನವಿತ್ತು. ಆಟಿಕೆಯ ಹಾಗೆ ಕಾಣುತ್ತವೆ. ಹಿಡಿ ಮತ್ತು ಚೌಕಟ್ಟು ಮಾತ್ರ ಪಾಲಿಮರ್, ನಳಿಗೆ ಮತ್ತು ಸ್ಲೈಡ್ ಉಕ್ಕಿನವು. 1970ರಲ್ಲಿಯೇ ಜರ್ಮನಿಯ ಹೆಕ್ಲರ್ ಆಂಡ್ ಕೋಖ್ ಇಂಥದ್ದನ್ನು ಮಾಡಿತ್ತು. ಆದರೆ ಜಗತ್ತನ್ನು ಒಪ್ಪಿಸಿದ್ದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಅದುವರೆಗೆ ಒಂದೂ ಬಂದೂಕು ಮಾಡಿರದಿದ್ದ, ಪರದೆ ಸರಳು ಮತ್ತು ಸೈನ್ಯದ ಚಾಕುಗಳನ್ನು ತಯಾರಿಸುತ್ತಿದ್ದ ಆ ಮನುಷ್ಯನ ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡಿತು. ಹ್ಯೂಸ್ಟನ್ನಿನ ಬೆವರು ನಮ್ಮ ಮಳೆಗಾಲಕ್ಕೆ ಸಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಜ್ಜ ಕೋವಿಗೆ ಎಣ್ಣೆ ಬಟ್ಟೆ ಒರೆಸುತ್ತಲೇ ಇರುತ್ತಿದ್ದರು, ಒಂದು ದಿನ ತಪ್ಪಿದರೂ ಕೆಂಪು ತುಕ್ಕು. ಈ ಪಾಲಿಮರ್ ಹಿಡಿಗೆ ಆ ಭಯವಿಲ್ಲ.

ಮೂರನ್ನು ಬಾಡಿಗೆಗೆ ಪಡೆದು ಪಕ್ಕದ ರೇಂಜಿನಲ್ಲಿ ತಲಾ ಐವತ್ತು ಗುಂಡು ಹೊಡೆದೆ. ಎಲ್ಲವೂ 9 ಮಿಲಿಮೀಟರ್ ಗುಂಡಿನವು. ಗ್ಲಾಕ್ 19 ನಂಬಿಕಸ್ಥ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಆದರೆ ಕಣ್ಣು ಮುಚ್ಚಿ ಎತ್ತಿ ಹಿಡಿದು ಕಣ್ಣು ತೆರೆದರೆ ಪ್ರತಿ ಸಲವೂ ನನ್ನ ಗುರಿ ಮೇಲಕ್ಕೆ ಹೋಗಿರುತ್ತಿತ್ತು. ಅದರ ಹಿಡಿಯ ಓರೆ ನನ್ನ ಮಣಿಕಟ್ಟಿಗೆ ಒಗ್ಗಲಿಲ್ಲ. ಚೆಕ್ ದೇಶದ ಸಿಝಡ್ ಪಿ-10 ಸಿ, 2017ರಲ್ಲಿ ಬಂದದ್ದು, ಮೂರರಲ್ಲಿ ಅತಿ ಚೆಂದದ ಟ್ರಿಗರ್ ಅದರದ್ದೇ. ಹಲಗೆಯ ಮೇಲೆ ನನ್ನ ಗುಂಡುಗಳು ಒತ್ತಾಗಿ ಬಿದ್ದದ್ದೂ ಅದರಲ್ಲೇ. ಅದನ್ನೇ ಕೊಳ್ಳುವವಳಿದ್ದೆ.

ಮೂರನೆಯದು ಸ್ಮಿತ್ ಆಂಡ್ ವೆಸನ್ನಿನ ಎಂ ಆಂಡ್ ಪಿ 2.0. ಆ ಹೆಂಗಸು ಅದನ್ನು ಬಿಚ್ಚಿ ತೋರಿಸಿದರು. ಉಳಿದೆರಡನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು. ಖಾಲಿ ಎಂದುಕೊಂಡು ಒತ್ತಿ, ಖಾಲಿಯಾಗಿರದೆ ಅನಾಹುತವಾದದ್ದು ಬೇಕಾದಷ್ಟಿದೆ. ಇದರಲ್ಲಿ ಒಳಗೊಂದು ಪುಟ್ಟ ಹಳದಿ ಸನ್ನೆಕೋಲು ಇದೆ. ಅದನ್ನು ತಗ್ಗಿಸಿದರೆ ಟ್ರಿಗರ್ ಮುಟ್ಟದೆಯೇ ಸ್ಲೈಡ್ ಕಳಚುತ್ತದೆ. "ರಾತ್ರಿ ಪಾಳಿ ಮಾಡಿ ಬಂದು ಶುಚಿ ಮಾಡುತ್ತೀರಲ್ಲವೇ? ದಣಿದ ಕೈಗೆ ಇದು ಒಳ್ಳೆಯದು" ಎಂದರು. ಮನೆಯಲ್ಲಿ ಎಂಟು ವರ್ಷದ ಮಗನಿದ್ದಾನೆ ಎಂದು ನಾನಾಗಿ ಹೇಳಿದ್ದೆ. ಆಮೇಲೆ ಒಳಗಿನಿಂದ ಅದೇ ಮಾದರಿಯ ಒಂದು ಹಳೆಯದನ್ನು ತಂದರು. ಯಾವುದೋ ಪೊಲೀಸ್ ಇಲಾಖೆ ಹೊಸವನ್ನು ಕೊಂಡು ಹಿಂದಿರುಗಿಸಿದ್ದು. ನಾಲ್ಕೂಕಾಲು ಇಂಚಿನ ನಳಿಗೆ, 17 ಗುಂಡುಗಳ ಮ್ಯಾಗಝೀನ್, ಕೈಗೆ ತಕ್ಕಂತೆ ಬದಲಿಸಲು ನಾಲ್ಕು ಅಳತೆಯ ಹಿಂಬದಿ ಹಿಡಿಗಳು. ಒರೆಯೊಳಗೆ ಹೋಗಿ ಬಂದು ಸ್ಲೈಡಿನ ಅಂಚುಗಳಲ್ಲಿ ಕಪ್ಪು ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಇಂಥವನ್ನು ಪೊಲೀಸರು ಹೊತ್ತದ್ದು ಹೆಚ್ಚು, ಹೊಡೆದದ್ದು ಕಡಿಮೆ, ಒಳಗೆ ಹೊಸದರ ಹಾಗೆಯೇ ಇರುತ್ತದೆ ಎಂದು ವಿವರಿಸಿದರು. 340 ಡಾಲರ್.

ಅದನ್ನೇ ತಂದೆ. ಉಳಿದ ಹಣ ಗುಂಡುಗಳಿಗೆ. ಅಭ್ಯಾಸದ ಗುಂಡು ಒಂದಕ್ಕೆ ಇಪ್ಪತ್ತೈದು, ಮೂವತ್ತು ಸೆಂಟ್. ತಿಂಗಳಿಗೆ ಇನ್ನೂರು ಹೊಡೆದರೆ ಏಳು ತಿಂಗಳೊಳಗೆ ಪಿಸ್ತೂಲಿನ ಬೆಲೆಯನ್ನು ಮೀರುತ್ತದೆ. ಇದನ್ನು ಲೆಕ್ಕ ಹಾಕದೆ ದುಬಾರಿಯದನ್ನು ತಂದು ಬೀರುವಿನಲ್ಲಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಜೊತೆಗೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಬೇಕು, ಬಿಗಿಯಾದ ಬೆಲ್ಟ್ ಬೇಕು, ಬೀಗದ ಉಕ್ಕಿನ ಪೆಟ್ಟಿಗೆ ಬೇಕು. ಪೆಟ್ಟಿಗೆಗೆ ನಾನು ಚೌಕಾಸಿ ಮಾಡಲಿಲ್ಲ. ಈ ದೇಶದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅದು ಅಂಕಿಯಾಗಿ ಮಾತ್ರ ಗೊತ್ತಿಲ್ಲ. ಅವ್ವನಿಗೆ ನಾನು ಕೊಟ್ಟ "ನನಗೆ" ಎಂಬ ಉತ್ತರವನ್ನು ನೆನೆದಾಗ ಮೈ ಜುಮ್ಮೆಂದದ್ದು ಅದಕ್ಕೇ.

ಮನೆಗೆ ತಂದು ಒರೆಯಲ್ಲಿ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತಾಗ ಒಂದು ಸತ್ಯ ಕಂಡಿತು. ಐದಡಿ ಎರಡು ಇಂಚಿನ ನನ್ನ ಮೈಗೆ ಆ ಪಿಸ್ತೂಲು ದೊಡ್ಡದು. ಸ್ಪರ್ಧೆಗೆ ದೊಡ್ಡದೇ ಒಳ್ಳೆಯದು, ಒದೆತ ಕಡಿಮೆ, ಗುರಿ ಸ್ಥಿರ. ಧರಿಸಲು ಚಿಕ್ಕದು ಬೇಕು, ಚಿಕ್ಕದಾದಷ್ಟೂ ಕೈ ಅದುರುತ್ತದೆ, ಗುರಿ ತಪ್ಪುತ್ತದೆ. ಎರಡಕ್ಕೂ ಒಂದೇ ಎಂದು ಹೊರಟವರು ಎಲ್ಲೋ ಒಂದು ಕಡೆ ವಾಲಲೇಬೇಕು. ಮೇಲಾಗಿ ನಮ್ಮ ಆಸ್ಪತ್ರೆಯೊಳಗೆ ಆಯುಧ ಒಯ್ಯುವಂತಿಲ್ಲ. ಒಯ್ದರೆ ಕಾರಿನಲ್ಲೇ ಬಿಡಬೇಕು, ಕಾರಿನ ಗಾಜು ಒಡೆದು ಪಿಸ್ತೂಲು ಕದಿಯುವುದು ಇಲ್ಲಿ ದಿನನಿತ್ಯದ ಸುದ್ದಿ. ಬಾಗಿಲಿನಿಂದ ಕಾರಿನವರೆಗಿನ ಆ ಇನ್ನೂರು ಹೆಜ್ಜೆಗೆಂದೇ ಇದನ್ನು ಬಯಸಿದ್ದೆ. ಆ ಇನ್ನೂರು ಹೆಜ್ಜೆಯಲ್ಲಿ ಅದು ನನ್ನ ಬಳಿ ಇರುವುದೇ ಇಲ್ಲ.

ಶನಿವಾರ ಕ್ಲಬ್ಬಿನ ಸ್ಪರ್ಧೆ. ಐಡಿಪಿಎ ಎಂಬ ಈ ಆಟ 1996ರಲ್ಲಿ ಶುರುವಾದದ್ದು. ಅಂಗಿಯ ಕೆಳಗೆ ಅಡಗಿಸಿದ ಸಾಧಾರಣ ಪಿಸ್ತೂಲನ್ನು ತೆಗೆದು, ಕೃತಕ ಸನ್ನಿವೇಶವೊಂದರಲ್ಲಿ ರಟ್ಟಿನ ಆಕೃತಿಗಳಿಗೆ ಹೊಡೆಯಬೇಕು. ಸಮಯವೇ ಅಂಕ, ತಪ್ಪಿಗೆ ಸೆಕೆಂಡುಗಳು ಸೇರುತ್ತವೆ. ಎರಡನೆಯ ಸುತ್ತಿನಲ್ಲಿ ಪ್ಲೈವುಡ್ ಹಲಗೆಗಳಿಂದ ಕಾರು ಮಾಡಿ, ಪೀಪಾಯಿಗಳನ್ನಿಟ್ಟು ಪಾರ್ಕಿಂಗ್ ಜಾಗವನ್ನೇ ಕಟ್ಟಿದ್ದರು. ಐದು ಆಕೃತಿಗಳು, ಎಲ್ಲಕ್ಕೂ ಹಳೆಯ ಅಂಗಿ ತೊಡಿಸಿದ್ದರು. ಕೆಲವದರ ಮೇಲೆ ಚಾಕು ಅಥವಾ ಪಿಸ್ತೂಲಿನ ಚಿತ್ರ. ನಿರಪರಾಧಿಯ ಮೇಲೆ ಎರಡು ತೆರೆದ ಅಂಗೈಗಳ ಚಿತ್ರ.

ಟೈಮರ್ ಸದ್ದು ಮಾಡಿತು. ಒಂದು, ಎರಡು. ಮೂರನೆಯದು ಪೀಪಾಯಿಯ ಹಿಂದಿನಿಂದ ಕಂಡಿತು, ನೀಲಿ ಅಂಗಿ. ಎರಡು ಗುಂಡು ಹೊಡೆದೆ. ಎದೆಯ ನಟ್ಟನಡುವೆ, ಬೆರಳಗಲದ ಅಂತರದಲ್ಲಿ. ಅಂದು ನಾನು ಹೊಡೆದವುಗಳಲ್ಲಿ ಅತ್ಯುತ್ತಮ ಜೋಡಿ. ತೆರೆದ ಅಂಗೈಗಳು ಅದರ ಮೇಲೆಯೇ ಇದ್ದವು.

ಪಿಸ್ತೂಲು ಖಾಲಿ ಮಾಡಿ ತೋರಿಸಿ ಒರೆಗೆ ಸೇರಿಸಿದ ಮೇಲೆ ಸುರಕ್ಷತಾ ಅಧಿಕಾರಿ ಅಂಕ ಓದುತ್ತಾ ಬಂದರು. ನೀಲಿ ಅಂಗಿಯ ಮುಂದೆ ನಿಂತು, "ನೀವು ಎದೆಯನ್ನು ನೋಡಿದಿರಿ. ಕೈಗಳನ್ನು ನೋಡಬೇಕು" ಎಂದರು. ಗದರಿಕೆಯಿರಲಿಲ್ಲ, ಮರುಕವೂ ಇರಲಿಲ್ಲ. ನಿರಪರಾಧಿಗೆ ಹೊಡೆದದ್ದಕ್ಕೆ ಒಂದಷ್ಟು ಸೆಕೆಂಡು ದಂಡ. ರಟ್ಟಿನ ತೂತಿಗೆ ಕಂದು ಚೀಟಿ ಅಂಟಿಸಿ ಮುಂದಿನವರಿಗೆ ಸಿದ್ಧ ಮಾಡುವುದು ಸ್ಪರ್ಧಿಗಳದೇ ಕೆಲಸ. ಆ ಎರಡು ಚೀಟಿಗಳನ್ನು ನಾನೇ ಅಂಟಿಸಿದೆ. ಬೆರಳಿನಿಂದ ಒತ್ತಿ ಸಮ ಮಾಡಿದೆ. ಅವನು ಮತ್ತೆ ನಿಂತಿದ್ದ, ಎರಡು ಅಂಗೈ ತೆರೆದುಕೊಂಡು.

ಅಂದಿನಿಂದ ಪಾರ್ಕಿಂಗ್ ಕಟ್ಟಡದ ಆ ರಾತ್ರಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ. ಅವನ ಜಾಕೆಟ್ ಕಂದು ಬಣ್ಣದ್ದು, ಗಡ್ಡವಿತ್ತು, ಎಡಗಾಲು ತುಸು ಎಳೆಯುತ್ತಿದ್ದ. ಇಷ್ಟೆಲ್ಲ ನೆನಪಿದೆ. ಕೈಗಳು ನೆನಪಿಲ್ಲ. ಏನಾದರೂ ಹಿಡಿದಿದ್ದನೇ? ನಾನು ಬೀಳಿಸಿಕೊಂಡದ್ದನ್ನು ಕೊಡಲು ಬಂದನೇ? ದೋಚಲು ಬಂದನೇ? ಒಳಗೆ ಮಲಗಿದ್ದ ರೋಗಿಯೊಬ್ಬರ ಮನೆಯವನೇ? ಗೊತ್ತಿಲ್ಲ. ಅಂದು ನನ್ನ ಸೊಂಟದಲ್ಲಿ ಇದು ಇದ್ದಿದ್ದರೆ, ಅವ್ವನ ಪ್ರಶ್ನೆಗೆ ನಾನು ಅಲ್ಲೇ, ಒಂದೂವರೆ ಸೆಕೆಂಡಿನಲ್ಲಿ ಉತ್ತರ ಕೊಡಬೇಕಾಗಿತ್ತು.

ಅಜ್ಜನ ಕೋವಿಗೆ ಈ ಪ್ರಶ್ನೆ ಬಂದದ್ದನ್ನು ನಾನು ಕಂಡಿಲ್ಲ. ಆನೆ ಗದ್ದೆಗಿಳಿದರೆ ಗಾಳಿಯಲ್ಲಿ ಒಂದು ಗುಂಡು. ನಾಟಿ ಮುಗಿದು ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಅದಕ್ಕೆ ಗಂಧ, ನಳಿಗೆಯ ತುದಿಗೆ ತೋಕ್ ಪೂ ಎಂಬ ಕೋವಿ ಹೂವು, ಊಟವಾದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಸತ್ತವರಿಗೆ ಎರಡು, ಹುಟ್ಟಿದ ಗಂಡು ಮಗುವಿಗೆ ಒಂದು. ನಾನು ಹುಟ್ಟಿದಾಗ ಹಾರಿಸಲಿಲ್ಲ, ಅದರ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದಾಗ ಊರಿನ ಗುಂಪಿನಲ್ಲಿ ಹೆಮ್ಮೆಯಿಂದ ಸಂದೇಶ ಕಳುಹಿಸಿದವರಲ್ಲಿ ನಾನೂ ಒಬ್ಬಳು. ಆ ಹೆಮ್ಮೆ ಈಗಲೂ ಇದೆ. ಆದರೆ ಕೋವಿಯ ಮನೆಯಲ್ಲಿ ಹುಟ್ಟಿದ್ದರಿಂದ ಇದು ನನಗೆ ಸಹಜವಾಗಿ ಒಗ್ಗುತ್ತದೆ ಎಂದುಕೊಂಡಿದ್ದೆನಲ್ಲ, ಅದು ತಪ್ಪು. ನಮ್ಮ ಮನೆಯಲ್ಲಿ ನಾನು ಕಲಿತದ್ದು ಕಾಯಿಗೆ ಗುರಿ ಇಡುವುದನ್ನು. ಕಾಯಿಗೆ ಕೈಗಳಿರಲಿಲ್ಲ.

ಪಿಸ್ತೂಲನ್ನು ವಾಪಸ್ ಕೊಡುವುದಿಲ್ಲ. ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಬರೆಸಿದ್ದೇನೆ. ಸ್ಪರ್ಧೆಯ ದಿನ ಬಿಟ್ಟರೆ ಒರೆ ಮಾತ್ರ ಮತ್ತೆ ಪೊಟ್ಟಣದಲ್ಲೇ ಇದೆ. ಭದ್ರತಾ ಸಿಬ್ಬಂದಿಯನ್ನು ಜೊತೆಗೆ ಕಳುಹಿಸಿ ಎಂದು ಕೇಳಲು ಇಷ್ಟು ದಿನ ನಾಚಿಕೆಯಾಗುತ್ತಿತ್ತು. ಸೋಮವಾರ ಕೇಳಿದೆ, ಒಪ್ಪಿದರು.

ನಿನ್ನೆ ಮಾತ್ರ ಅವರು ಬೇರೆ ಕರೆಗೆ ಹೋಗಿದ್ದರಿಂದ ಒಬ್ಬಳೇ ನಡೆದೆ. ಕಂಬದ ಹಿಂದಿನಿಂದ ಒಬ್ಬ ಎದುರಾದ. ಮೊದಲು ಅವನ ಕೈಗಳನ್ನು ನೋಡಿದೆ. ಒಂದರಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಮಗುವಿನ ಗುಲಾಬಿ ಬಣ್ಣದ ಚೀಲ. ತುರ್ತು ವಿಭಾಗ ಎಲ್ಲಿ ಎಂದು ಕೇಳಿದ. ಎಡಕ್ಕೆ ತಿರುಗಿ, ಕೆಂಪು ದೀಪ ಕಾಣುತ್ತದೆ ಎಂದು ತೋರಿಸಿದೆ.