ತುದಿ ಮೆಟ್ಟದೆ ಇಳಿದವರು

ಹೋದ ಭಾನುವಾರ ಆತಕರವಾಡಿ ಕಡೆಯಿಂದ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತುವಾಗ ಪಕ್ಕದ ಮನೆಯ ಹುಡುಗನಿಗೂ ನನಗೂ ವಾದ ಹತ್ತಿಕೊಂಡಿತು. ಅವರ ಮನೆಯವರು ಬೆಳಗಾವಿ ಕಡೆಯವರು, ನಾವು ಧಾರವಾಡದವರು. ಈಗ ಎಲ್ಲರೂ ಪುಣೆಯ ಕೊಥ್ರೂಡಿನವರೇ. ಪುಣೆಯ ಗಿರಿಪ್ರೇಮಿ ತಂಡದ 10 ಮಂದಿ 2019ರಲ್ಲಿ ಕಾಂಚನಜುಂಗಾ ಏರಿದ್ದು ಅವನಿಗೆ ಬಾಯಿಪಾಠ. ನಾನು 1955ರ ಕತೆ ತೆಗೆದೆ. ಮೇ 25ರಂದು ಬ್ರಿಟಿಷ್ ತಂಡದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಮೊಟ್ಟಮೊದಲು ಆ 8,586 ಮೀಟರಿನ ಶಿಖರ ಏರಿದರು. ತುದಿಗೆ ಕೆಲವೇ ಅಡಿ ಇರುವಾಗ ನಿಂತುಬಿಟ್ಟರು. ಸಿಕ್ಕಿಮಿನವರಿಗೆ ಅದು ದೇವರು, ನೆತ್ತಿ ಮೆಟ್ಟುವುದಿಲ್ಲ ಅಂತ ತಂಡ ಮಾತು ಕೊಟ್ಟಿತ್ತು. ಮರುದಿನ ಹೋದ ಇಬ್ಬರೂ ಹಾಗೇ ಮಾಡಿದರು.

"ಹಂಗಾದ್ರ ಅವ್ರು ಹತ್ತೇ ಇಲ್ಲಲ್ಲ, ಕಾಕೂ?"

ಹತ್ತಿದ್ದಾರೆ ಅಂತಲೇ ನನ್ನ ಮಾತು. ಗಡಿ ಹಾಯುವುದು ಆ ಶಿಖರದ ಮೇಲೆಯೇ. ಈಚೆ ಸಿಕ್ಕಿಂ, ಆಚೆ ನೇಪಾಳ. ಅವರು ಏರಿದ್ದು ನೇಪಾಳದ ಕಡೆಯಿಂದ. ಕಾಯಲು ಸಿಕ್ಕಿಮಿನ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಬಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೂ ಇಡಲಿಲ್ಲ. 1977ರಲ್ಲಿ ನಮ್ಮ ಸೇನೆಯ ಪ್ರೇಮ್ ಚಂದ್, ನಿಮಾ ದೋರ್ಜೆ ಸಿಕ್ಕಿಂ ಕಡೆಯ ಕಡುಕಷ್ಟದ ಏಣಿನ ಮೇಲೆ ಹೋದಾಗಲೂ ತುದಿ ಬಿಟ್ಟೇ ನಿಂತರು.

ಇದು ನನಗೆ ಇಷ್ಟು ನಾಟಲು ಕಾರಣ ಅಪ್ಪ. ಮೂರು ವರ್ಷದ ಕೆಳಗೆ ಅವರನ್ನು ಸಿಕ್ಕಿಮಿನ ಪೆಲ್ಲಿಂಗಿಗೆ ಕರೆದುಕೊಂಡು ಹೋಗಿದ್ದೆ. ನಸುಕಿನಲ್ಲಿ ಹೋಟೆಲಿನ ಮಾಳಿಗೆ ಮೇಲೆ ನಿಂತಿದ್ದೆವು. ಮೊದಲು ಕಾಂಚನಜುಂಗಾದ ತುದಿಗಷ್ಟೇ ಬಿಸಿಲು ತಾಗಿ ನಿಗಿನಿಗಿ ಕೆಂಡ. ಕೆಳಗೆಲ್ಲ ಇನ್ನೂ ನೀಲಿ ಕತ್ತಲು. ಪಕ್ಕಕ್ಕೆ ತಿರುಗಿದರೆ ಅಪ್ಪ ಗೋಡೆ ಹಿಡಿದು ಬಾಗಿದ್ದಾರೆ. ಎದೆ ಧಸಕ್ಕೆಂದಿತು. ಅವರು ಚಪ್ಪಲಿ ಬಿಟ್ಟು, ಉಣ್ಣೆಯ ಕಾಲುಚೀಲವನ್ನು ಒಂದೊಂದಾಗಿ ಕಳಚುತ್ತಿದ್ದರು. ಕಳಚಿ, ಮಡಚಿ ಕೋಟಿನ ಜೇಬಿಗೆ ಹಾಕಿ, ಕೊರೆಯುವ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದರು.

"ಥಂಡಿ ಆಗ್ತದ ಅಪ್ಪಾ."

"ಮೆಟ್ಟು ಹಾಕ್ಕೊಂಡು ಹೆಂಗ ಕೈಮುಗೀಲಿ ಯವ್ವಾ."

ಸಿಕ್ಕಿಂ ಸರ್ಕಾರ 2001ರಿಂದ ತನ್ನ ಕಡೆಯಿಂದ ಆ ಶಿಖರ ಏರುವುದನ್ನೇ ನಿಲ್ಲಿಸಿದೆ. ಸರಿಯಾಗಿದೆ ಅನ್ನುತ್ತೇನೆ.

ಗಡದ ಮೇಲೆ ಪಿಠ್ಲ-ಭಾಕ್ರಿ, ಕುಡಿಕೆ ಮೊಸರು ಮುಗಿಯುವವರೆಗೂ ಹುಡುಗ ಒಪ್ಪಲಿಲ್ಲ. ರಾತ್ರಿ ಧಾರವಾಡಕ್ಕೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

"ಆ ಮೊದಲಿನ ಇಬ್ಬರು ಸುಖವಾಗಿ ಕೆಳಗ ಇಳಿದ್ರಿಲ್ಲೋ?"

"ಇಳಿದ್ರಪ್ಪಾ. ಕತ್ತಲಾಗಿತ್ತು, ಆದ್ರೂ ಇಳಿದ್ರು."