ಅಪ್ಪನ ಗಡಿಯಾರದ ಎರಡನೇ ಮುಖ

ಎರಡು ಗಡಿಯಾರ ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ಶನಿವಾರ, ಮಧ್ಯಾಹ್ನ. ಒಂದು ಎಚ್‌ಎಂಟಿ ಪೈಲಟ್. ಆನ್‌ಲೈನ್‌ನಲ್ಲಿ ಕೊಂಡು ಹದಿನೈದು ದಿನ ಆಗಿತ್ತು, ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಇನ್ನೊಂದು ಅಪ್ಪನ ಸ್ವಿಸ್ ಗಡಿಯಾರ, ವೆಸ್ಟ್ ಎಂಡ್ ಸವಾರ್ ಪ್ರೈಮಾ. ಕೀಲಿ ಕೊಟ್ಟರೆ ಅರ್ಧ ತಾಸು ಓಡಿ ನಿಂತುಬಿಡುತ್ತಿತ್ತು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಹೋಗುವಾಗ ಅದನ್ನೇ ಕಟ್ಟುತ್ತಿದ್ದರು. ಅವರು ಹೋದ ಮೇಲೆ ಅದು ನನ್ನ ಹತ್ತಿರ ಬಂತು.

ದುರ್ಗದ ಬೈಲಿನ ಹತ್ತಿರ ಒಂದು ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ನಾಲ್ಕಡಿ ಜಾಗ, ಒಂದು ಗಾಜಿನ ಕಪಾಟು, ಒಂದು ಟೇಬಲ್ ಲ್ಯಾಂಪು. ನಾನು ಕಾಲೇಜಿಗೆ ಹೋಗುವಾಗಿನಿಂದ ಅವರು ಅಲ್ಲೇ ಕೂತಿದ್ದಾರೆ. ಮೊದಲು ಪೈಲಟ್ ಕೊಟ್ಟೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರು.

"ಎಷ್ಟು ಕೊಟ್ರಿ ಸರ ಇದಕ್ಕ?"

"ನಾಲ್ಕು ಸಾವಿರ."

"ಒರಿಜಿನಲ್ ಡಯಲ್ ಅಂತ ಹೇಳಿದ್ನೇನು ಕೊಟ್ಟಾಂವ?"

"ಹೌದು, ಹಂಗ ಬರದಿದ್ದ."

ಅವರು ಮಸೂರ ತೆಗೆದು ನನ್ನ ಕೈಗೆ ಕೊಟ್ಟರು. ಬರಿಗಣ್ಣಿಗೆ ಚೆಂದ ಕಾಣುತ್ತಿದ್ದ ಕಪ್ಪು ಡಯಲ್ ಹತ್ತಿರದಿಂದ ಬೇರೆಯೇ ಆಗಿತ್ತು. ಬಿಳಿ ಅಕ್ಷರಗಳ ಅಂಚು ಹರಿತವಾಗಿಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಊದಿಕೊಂಡಿದ್ದವು. 12 ಒಂಚೂರು ಎಡಕ್ಕೆ ಸರಿದಿತ್ತು. ನಿಮಿಷದ ಗೆರೆಗಳು ನಾಲ್ಕರ ಹತ್ತಿರ ಅಂಕಿಗೆ ಸರಿಯಾಗಿ ಕೂತಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಹೊಳೆಯುವ ಬಣ್ಣ ನೋಡಿ. ಮುಳ್ಳುಗಳ ಮೇಲಿನದು ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಕಿಗಳ ಮೇಲಿನದು ನಿನ್ನೆ ಮೊನ್ನೆ ಹಚ್ಚಿದ ಹಾಗೆ ಬೆಳ್ಳಗಿತ್ತು. ಒಟ್ಟಿಗೆ ಹುಟ್ಟಿದ್ದರೆ ಒಟ್ಟಿಗೆ ಹಳೆಯದಾಗಬೇಕಲ್ವಾ?

"ಮಷೀನ್ ಖರೇ ಐತ್ರಿ. ಮಾರಿಗೆ ಬಣ್ಣ ಹೊಡದಾರ," ಅಂದರು ಕಾಕಾ.

ನನಗೆ ಸಿಟ್ಟು ಬಂದದ್ದು ನಾಲ್ಕು ಸಾವಿರಕ್ಕಲ್ಲ. ಎಚ್‌ಎಂಟಿ ಅಂದರೆ ನಮ್ಮ ಮನೆಗಳಲ್ಲಿ ಬರೀ ಗಡಿಯಾರ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಜೋಡಿಸಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ. 2016ಕ್ಕೆ ಅದು ಮುಚ್ಚುವ ಹೊತ್ತಿಗೆ ಹಳೇ ಪೈಲಟ್, ಜನತಾ, ಜವಾನ್‌ಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾಗಿದ್ದರು. ಬೇಡಿಕೆ ಬಂದ ಮೇಲೆ ಗುಜರಿಯಲ್ಲಿ ಬಿದ್ದ ಮಷೀನುಗಳಿಗೆ ಹೊಸ ಬಣ್ಣದ ಮುಖ ಹಾಕಿ ಮಾರುವ ಕೆಲಸವೂ ಜೋರಾಯಿತು. ಕಾರ್ಖಾನೆ ಎಂದೂ ಮಾಡದ ಬಣ್ಣಗಳ ಡಯಲ್‌ಗಳನ್ನೂ ನೋಡಿದ್ದೇನೆ.

ಆಮೇಲೆ ಅಪ್ಪನದನ್ನು ತೆಗೆದೆ. "ಇದು ಮಾತ್ರ ಅಸಲಿ ಕಾಕಾ, ಯಾರೂ ಮುಟ್ಟಿಲ್ಲ," ಅಂದೆ. ಹೆಮ್ಮೆಯಿಂದಲೇ ಅಂದೆ.

ಅವರು ಏನೂ ಮಾತಾಡಲಿಲ್ಲ. ಹಿಂದಿನ ಮುಚ್ಚಳ ತೆಗೆದರು. ಮಷೀನನ್ನು ಡಬ್ಬಿಯಿಂದ ಹೊರಗೆ ತಂದು ಮೂರೂ ಮುಳ್ಳು ಎತ್ತಿದರು. ಡಯಲ್‌ನ ಬೆನ್ನಿಗೆ ಸಣ್ಣ ಸಣ್ಣ ಎರಡು ಕಾಲು ಇರುತ್ತವೆ. ಮಷೀನಿನ ಪಕ್ಕದಲ್ಲಿರುವ ಎರಡು ಸ್ಕ್ರೂ ಅವನ್ನು ಬಿಗಿಹಿಡಿದಿರುತ್ತವೆ. ಅವನ್ನು ಸಡಿಲಿಸಿ, ಚಿಮಟದಲ್ಲಿ ಡಯಲ್ ಎತ್ತಿ ಬೋರಲು ಹಾಕಿದರು. ಹಿತ್ತಾಳೆಯ ಬೆನ್ನು. ಅದರ ಮೇಲೆ ಸೂಜಿಯಿಂದ ಗೀಚಿದ ಅಂಕಿ: 11-78.

"ಇದೂ ರಿಡಯಲ್ ಸರ, ಮತ್ತ ಬಣ್ಣ ಹೊಡದ ಡಯಲ್. ಬಣ್ಣ ಹಾಕಿದಾಂವ ತನ್ನ ಗುರುತು ಬಿಟ್ಟಾನ."

ಡಯಲ್ ತಿರುಗಿಸಿ ಕೆಳಗಿನ ಅಂಚು ತೋರಿಸಿದರು. ಆರರ ಕೆಳಗೆ ‘ಸ್ವಿಸ್ ಮೇಡ್’ ಅಂತ ಸಣ್ಣ ಅಕ್ಷರ ಇರಬೇಕಾದ ಜಾಗ ಖಾಲಿ. ಇಷ್ಟು ವರ್ಷ ಆ ಮುಖ ನೋಡಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಕೈಕಾಲು ತಣ್ಣಗಾದ ಹಾಗಾಯಿತು. ಅಂಗಡಿ ಮುಂದೆಯೇ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಹೌದಲ್ಲ, ಮಾಡಿಸಿದ್ರು," ಅಂದಳು ಅವ್ವ, ಏನೂ ದೊಡ್ಡ ವಿಷಯವಲ್ಲ ಅನ್ನುವ ಹಾಗೆ. "ಸೈಕಲ್ ಮ್ಯಾಲೆ ಬರಬೇಕಾದ್ರ ಮಳ್ಯಾಗ ತೋಯ್ಸಿಕೊಂಡಿದ್ರು. ಒಳಗ ನೀರು ಹೋಗಿ ಅರ್ಧ ಕರ್ರಗಾಗಿತ್ತು. ನಿಮ್ಮ ಸಣ್ಣತ್ತಿ ಲಗ್ನ ಬಂದಿತ್ತು ಗದಗಿನ್ಯಾಗ. ಬೀಗರ ಮುಂದ ಹಂಗ ಹೆಂಗ ಕಟ್ಕೊಂಡು ಹೋಗೂದು ಅಂತ ಬೊಂಬಾಯಿಗೆ ಕಳಿಸಿ ಮಾಡಿಸಿದ್ರು. ಎಷ್ಟು ಚಂದ ಬಂದಿತ್ತು ಗೊತ್ತೇನು!"

ಕಾಕಾ ಎರಡು ಚಹಾ ತರಿಸಿದರು. ಆಗಿನ ಕಾಲಕ್ಕೆ ಅದು ಮಾಮೂಲು, ಅಂದರು. ಸರ್ವಿಸಿಗೆ ಬಂದ ಗಡಿಯಾರದ ಡಯಲ್ ಮಾಸಿದ್ದರೆ ಅದನ್ನೂ ಹೊಸದು ಮಾಡಿಸಿಕೊಡುವುದು ರಿಪೇರಿಯ ಒಂದು ಭಾಗ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ. ಹಳೇ ಬಣ್ಣವನ್ನು ಔಷಧ ಹಾಕಿ ಪೂರ್ತಿ ತೆಗೆದು, ಹೊಸ ಬಣ್ಣ ಕೊಟ್ಟು, ಅಚ್ಚಿನಿಂದ ಮತ್ತೆ ಅಕ್ಷರ ಒತ್ತಿ, ಮೇಲೆ ಲ್ಯಾಕರ್ ಹೊಡೆಯುವುದು. ಗಡಿಯಾರ ಕಟ್ಟುವುದಕ್ಕೆ ಇತ್ತು, ಕಪಾಟಿನಲ್ಲಿಟ್ಟು ನೋಡುವುದಕ್ಕಲ್ಲ.

ರಿಡಯಲ್ ಆದ ಗಡಿಯಾರ ಸತ್ತ ಗಡಿಯಾರ ಅಂತ ನಾನೇ ಎಷ್ಟೋ ಜನರ ಹತ್ತಿರ ವಾದ ಮಾಡಿದ್ದೇನೆ. ಆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಗಾಜು ಒಡೆದರೆ ಬೇರೆ ಹಾಕಬಹುದು, ಮಷೀನಿನ ಗಾಲಿ ಸವೆದರೆ ಇನ್ನೊಂದು ಗಡಿಯಾರದಿಂದ ತೆಗೆದು ಹಾಕಬಹುದು. ಮೂಲ ಬಣ್ಣ ಒಮ್ಮೆ ತೊಳೆದು ಹೋದರೆ ಮುಗಿಯಿತು. ಅದಕ್ಕೇ ಸಂಗ್ರಹ ಮಾಡುವವರು ಫಳಫಳ ಹೊಳೆಯುವ ರಿಡಯಲ್‌ಗಿಂತ ಕಲೆ ಬಿದ್ದ ಮೂಲ ಡಯಲ್‌ಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಅದು ಸರಿಯೇ. ಈಗಲೂ ಯಾರಾದರೂ ಅಜ್ಜನ ಗಡಿಯಾರ ತಂದು, ಸ್ವಲ್ಪ ಹಳದಿಯಾಗಿದೆ, ಬಣ್ಣ ಹಾಕಿಸಲಾ ಅಂತ ಕೇಳಿದರೆ, ದಯವಿಟ್ಟು ಬೇಡ ಅಂತ ಕೈ ಹಿಡಿದು ಹೇಳುತ್ತೇನೆ. ಅಂಕಿಯೇ ಕಾಣದಷ್ಟು ಹಾಳಾಗಿದ್ದರೆ ಮಾತು ಬೇರೆ. ಆಗಲೂ ಇನ್ನೊಂದು ಡಯಲ್ ಹುಡುಕಿ ಹಾಕಿಸಿ, ಹಳೆಯದನ್ನು ಚೀಟಿ ಸುತ್ತಿ ಜೋಪಾನವಾಗಿಡಿ ಅನ್ನುತ್ತೇನೆ.

ಆದರೆ ಕಾಕಾನ ಮೇಜಿನ ಮೇಲೆ ಎರಡೂ ಡಯಲ್ ಅಕ್ಕಪಕ್ಕ ಬಿದ್ದಿದ್ದವು. ಎರಡಕ್ಕೂ ಬಣ್ಣ ಹೊಡೆದದ್ದೇ. ಒಂದನ್ನು ತಂಗಿಯ ಮದುವೆಗೆ ಹೋಗಲು ಮಾಡಿಸಿದ್ದು, ಮನೆಮಂದಿಗೆಲ್ಲ ಗೊತ್ತಿದ್ದು ಮಾಡಿಸಿದ್ದು. ಇನ್ನೊಂದನ್ನು ನನಗೆ ಗೊತ್ತಾಗಬಾರದು ಅಂತ ಮಾಡಿಸಿದ್ದು. ‘ರಿಡಯಲ್, ಎರಡು ಸಾವಿರ’ ಅಂತ ಹೇಳಿದ್ದರೆ ಆ ಪೈಲಟ್ಟನ್ನು ಖುಷಿಯಿಂದ ಕೊಂಡು ಕಟ್ಟುತ್ತಿದ್ದೆ. ಮಾರಿದವನಿಗೆ ಅಲ್ಲಿಂದಲೇ ಫೋಟೊ ಕಳಿಸಿದೆ. ಹಳೇ ಗಡಿಯಾರ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಂತ ಉತ್ತರ ಬಂತು. ಆಮೇಲೆ ಅವನು ಫೋನ್ ಎತ್ತಲಿಲ್ಲ.

ಅಪ್ಪನದಕ್ಕೆ ಒಳಗೆ ಎಣ್ಣೆ ಒಣಗಿ ಗಟ್ಟಿಯಾಗಿತ್ತು, ಅಷ್ಟೇ. ತೊಳೆದು ಎಣ್ಣೆ ಬಿಟ್ಟರೆ ಓಡುತ್ತದೆ ಅಂದರು ಕಾಕಾ. ಏಳರ ಹತ್ತಿರ ಬಣ್ಣ ಮಬ್ಬಾಗಿ ಒಂದು ಉಗುರಿನಷ್ಟು ಕಲೆಯಾಗಿದೆ. "ಹೆಂಗೂ ಒಮ್ಮೆ ಆಗಿದ್ದು ಆಗೇತಿ, ಮತ್ತೊಮ್ಮೆ ಮಾಡಿಸೂದೇನು?" ಅಂತ ಕೇಳಿದರು. ಬೇಡ ಅಂದೆ. ಕಾರ್ಖಾನೆಯಿಂದ ಬಂದಾಗಿನ ಅದರ ಮುಖವನ್ನು ನಾನು ನೋಡೇ ಇಲ್ಲ. ವರ್ಕ್‌ಶಾಪಿನ ಗೇಟಿನ ಸೈರನ್ ಕೇಳಿದ ಕೂಡಲೇ ಅಪ್ಪ ಮಣಿಕಟ್ಟು ತಿರುಗಿಸಿ ನೋಡಿ ಗಡಿಯಾರ ಹೊಂದಿಸುತ್ತಿದ್ದದ್ದು ಈ ಮುಖದ ಮೇಲೆ.

ಮುಂದಿನ ವಾರ ಎರಡನ್ನೂ ತಂದೆ. ಮನೆಯಲ್ಲಿ ಎರಡು ಚೀಟಿ ಬರೆದು ಡಬ್ಬಿಗಳೊಳಗೆ ಇಡಲು ಕೂತೆ. ಮೊದಲನೆಯದು: ‘ಎಚ್‌ಎಂಟಿ ಪೈಲಟ್. ಮಷೀನ್ ಅಸಲಿ. ಡಯಲ್‌ಗೆ ಈಚೆಗೆ ಬಣ್ಣ ಹಾಕಿದ್ದು.’ ಎರಡನೆಯದು: ‘ಸವಾರ್ ಪ್ರೈಮಾ. ಅಪ್ಪನದು. ಡಯಲ್ ನವೆಂಬರ್ 1978ರಲ್ಲಿ ಬೊಂಬಾಯಿಯಲ್ಲಿ ಮಾಡಿಸಿದ್ದು, ಸಣ್ಣತ್ತೆಯ ಮದುವೆಗೆ.’

ಅವ್ವ ಕನ್ನಡಕ ಹಾಕಿಕೊಂಡು ಎರಡನೇ ಚೀಟಿ ಓದಿದಳು. "ಮಳ್ಯಾಗ ತೋಯ್ದಿತ್ತು ಅಂತನೂ ಬರಿ," ಅಂದಳು. ಬರೆದೆ.