ಜಿಡ್ಡಿನ ರುಚಿ, ಎಣ್ಣೆಯ ಲೆಕ್ಕ

ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ಆಗಿರುವ ನಾನು, ತೂಕ ಇಳಿಸಬೇಕೆಂದು ಬರುವವರನ್ನು ಊಟದಲ್ಲಿ ಜಿಡ್ಡು ಹೆಚ್ಚಿರುತ್ತದೆಯೇ ಎಂದು ಕೇಳುವುದನ್ನೇ ಈಗ ಬಿಟ್ಟಿದ್ದೇನೆ. “ಇಲ್ಲ ಮೇಡಂ, ಹದವಾಗಿಯೇ ಇರುತ್ತದೆ” ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರವರ ನಾಲಿಗೆಗೆ ಅದು ಹದವೇ.

ಜಿಡ್ಡನ್ನು ನಾವು ಬಹುಮಟ್ಟಿಗೆ ನುಣುಪಿನಿಂದ, ಪರಿಮಳದಿಂದ ಗುರುತಿಸುತ್ತೇವೆ. ಅದರೊಂದಿಗೆ, ಕೊಬ್ಬು ಒಡೆದಾಗ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳನ್ನು ನಾಲಿಗೆಯ ರುಚಿಮೊಗ್ಗುಗಳಲ್ಲಿರುವ ಸಿಡಿ36 ಎಂಬ ಪ್ರೋಟೀನು ಗ್ರಹಿಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪ್ರೋಟೀನು ಹೆಚ್ಚು ತಯಾರಾಗುವವರು ಕಡಿಮೆ ತಯಾರಾಗುವವರಿಗಿಂತ 8 ಪಟ್ಟು ಸೂಕ್ಷ್ಮವಾಗಿ ಕೊಬ್ಬನ್ನು ಗುರುತಿಸಿದ್ದರು. ಆದರೆ ಪರೀಕ್ಷೆಗೆ ಒಳಗಾದ 21 ಮಂದಿಯೂ ಸ್ಥೂಲಕಾಯದವರೇ ಆಗಿದ್ದುದರಿಂದ, ಮಂದ ನಾಲಿಗೆಯೇ ಬೊಜ್ಜಿಗೆ ಕಾರಣವೆಂದು ಅದರ ಆಧಾರದ ಮೇಲೆ ಹೇಳಲಾಗದು. ಅನಂತರದ ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ನನ್ನ ಕೆಲಸಕ್ಕೆ ಹೆಚ್ಚು ಒದಗಿಬಂದದ್ದು ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದ ಪ್ರಯೋಗ: 4 ವಾರ ಕಡಿಮೆ ಕೊಬ್ಬಿನ ಆಹಾರ ಸೇವಿಸಿದವರ ನಾಲಿಗೆ ಕೊಬ್ಬಿನ ವಿಷಯದಲ್ಲಿ ಮೊದಲಿಗಿಂತ ಚುರುಕಾಗಿತ್ತು.

ಆದ್ದರಿಂದ ನಾನು ಈಗ ಕೇಳುವುದು, ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ, ಮನೆಯಲ್ಲಿ ಊಟಕ್ಕೆ ಎಷ್ಟು ಮಂದಿ ಎಂದು. ನಾಲ್ವರ ಮನೆಯಲ್ಲಿ 5 ಲೀಟರಿನ ಕ್ಯಾನು ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಗ್ರಾಮಿಗೆ 9 ಕ್ಯಾಲೊರಿಯಂತೆ ಎಣ್ಣೆಯೊಂದರಿಂದಲೇ 340 ಕ್ಯಾಲೊರಿ.

ಕೊಡಗಿನಲ್ಲಿ ಈ ಲೆಕ್ಕಕ್ಕೂ ಸಿಗದ ಜಿಡ್ಡೊಂದಿದೆ. “ಪಂದಿ ಕರಿಗೆ ನಾನು ಎಣ್ಣೆಯನ್ನೇ ಹಾಕುವುದಿಲ್ಲ” ಎಂದು ಕಾಫಿ ತೋಟದ ರೈಟರೊಬ್ಬರ ಪತ್ನಿ ಹೆಮ್ಮೆಯಿಂದ ಹೇಳಿದ್ದರು. ಅದು ನಿಜವೇ, ಹಂದಿಮಾಂಸದ ಕೊಬ್ಬೇ ಕರಗಿ ಪಾತ್ರೆಯಲ್ಲಿ ಮೇಲೆ ತೇಲುತ್ತದೆ, ಕಾಚಂಪುಳಿಯ ಹುಳಿ ಬಿದ್ದ ಮೇಲೆ ಬಾಯಿಗೆ ಅದರ ಭಾರ ತಿಳಿಯುವುದಿಲ್ಲ, ಅಕ್ಕಿಯ ಉಂಡೆಗಳಾದ ಕಡಂಬುಟ್ಟು ಇನ್ನೆರಡು ಇಳಿಯುತ್ತವೆ. ಕರಿಯನ್ನು ಹಿಂದಿನ ದಿನವೇ ಮಾಡಿ, ತಣ್ಣಗಾಗಿಸಿ ಫ್ರಿಜ್ಜಿನಲ್ಲಿಟ್ಟು, ಮೇಲೆ ಹೆಪ್ಪುಗಟ್ಟಿದ ಬಿಳಿ ಪದರವನ್ನು ಚಮಚದಿಂದ ತೆಗೆದು ಬಿಸಿ ಮಾಡಲು ತಿಳಿಸಿದೆ. ಕೊಡವರ ಹಬ್ಬವಾದ ಕೈಲ್ ಮುಹೂರ್ತದ ವಾರದಲ್ಲಿ ಮಾತ್ರ ಇಂಥ ಸಲಹೆಯನ್ನು ಕೊಡಲು ಹೋಗುವುದಿಲ್ಲ.

ಎಣ್ಣೆಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಅಡುಗೆ ಸಪ್ಪೆಯಾಯಿತೆಂದು ಮನೆಯವರು ತಕರಾರು ತೆಗೆಯುತ್ತಾರೆ. ವಾರಕ್ಕೆ ಸ್ವಲ್ಪದಂತೆ ತಗ್ಗಿಸಿದಲ್ಲಿ ನಾಲಿಗೆಗೆ ಹೊಂದಿಕೊಳ್ಳಲು ಅವಕಾಶವಿರುತ್ತದೆ. ಅದಕ್ಕಾಗಿ ಎರಡನೆಯ ಭೇಟಿಗೆ ಒಲೆಯ ಮುಂದೆ ನಿಲ್ಲುವವರನ್ನೂ ಕರೆತರಲು ಹೇಳುತ್ತೇನೆ.